ಗಾಳಿ ಬಂದಾಗ ತೂರಿಕೊಳ್ಳುವ ಮುನ್ನ: ಹಾಯಿದೋಣಿಗೆ ಗಾಳಿಚಕ್ರ ಕೂಡಿಸಿದ ಬಗೆ

ಕಪ್ಪತ್ತಗುಡ್ಡದ ಬುಡದಲ್ಲಿ ಹುಟ್ಟಿದವನಿಗೆ ಗಾಳಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಗರ್ವ ನನಗಿತ್ತು. ಗುಡ್ಡದ ನೆತ್ತಿಗೆ ದೊಡ್ಡ ಗಾಳಿಯಂತ್ರಗಳು ಬರುವುದಕ್ಕೆ ಮೊದಲೇ ನಮ್ಮ ಕಣದಲ್ಲಿ ಗಾಳಿಯ ಲೆಕ್ಕ ನಡೆಯುತ್ತಿತ್ತು. ಬೀಸಿದರೆ ಅಪ್ಪ ಮೊರ ಎತ್ತಿ ಜೋಳ ತೂರುತ್ತಿದ್ದ. ನಿಂತರೆ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಅದೇ ಗರ್ವದಲ್ಲಿ, ಸ್ಕಾಟ್ಲೆಂಡಿನ ಓಬನ್ ಊರಿನ ಎದುರು ಕೆರೆರಾ ದ್ವೀಪದ ಮಗ್ಗುಲಿಗೆ ಕಟ್ಟಿಹಾಕಿರುವ ನನ್ನ 31 ಅಡಿಯ ಹಳೆಯ ಹಾಯಿದೋಣಿಗೆ, ಗಾಳಿಯಿಂದ ವಿದ್ಯುತ್ತು ಹುಟ್ಟಿಸಿ ಬ್ಯಾಟರಿ ತುಂಬುವ ಪುಟ್ಟ ಗಾಳಿಚಕ್ರವೊಂದನ್ನು ಕೂಡಿಸಲು ಹೊರಟೆ. ಮೊದಲ ವರ್ಷದಲ್ಲೇ, ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹದದಲ್ಲಿಡುವ ಒಂದು ಕಂಟ್ರೋಲರನ್ನು ಸುಟ್ಟೆ. ಹಿಂಬದಿಯ ಕೋಣೆಯಲ್ಲಿ ಎರಡು ತಿಂಗಳು ಯಾರೂ ಮಲಗಲಾಗದಂತೆ ಮಾಡಿದೆ. ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿದ್ದವು. ಈಗ ಅದೇ ಚಕ್ರ ನಾಲ್ಕನೆಯ ವರ್ಷಕ್ಕೆ ನೆಮ್ಮದಿಯಾಗಿ ತಿರುಗುತ್ತಿದೆ. ಈ ನಡುವೆ ಕಲಿತದ್ದನ್ನು ಕೂಡಿಸುವ ಕ್ರಮದಲ್ಲಿಯೇ ಹೇಳುತ್ತೇನೆ.

ದೋಣಿಯ ಹೆಸರು ‘ತುಂಗಭದ್ರೆ’. ರೇಡಿಯೊದಲ್ಲಿ ಕರಾವಳಿ ಕಾವಲಿನವರಿಗೆ ಈ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಬ್ಯಾಟರಿ ಖಾಲಿಯಾಗುತ್ತದೆ. ಗಾಳಿಚಕ್ರ ಬೇಕಾದದ್ದು ಅದಕ್ಕಾಗಿಯೇ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಮೊದಲು ಲೆಕ್ಕ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ದಿನದ ಖರ್ಚು ಬರೆದುಕೊಳ್ಳಿ. ನಮ್ಮದು ಹೀಗಿದೆ: ಪುಟ್ಟ ಫ್ರಿಜ್‌ಗೆ ದಿನಕ್ಕೆ ಸುಮಾರು 40 ಆಂಪಿಯರ್-ಗಂಟೆ (ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಗಂಟೆ), ಡೀಸೆಲ್ ಹೀಟರಿನ ಫ್ಯಾನು ಮತ್ತು ಪಂಪಿಗೆ 15, ದೀಪಗಳು ಹಾಗೂ ಆಳ-ವೇಗ ತೋರಿಸುವ ಉಪಕರಣಗಳಿಗೆ 10, ಮೊಬೈಲ್ ಮತ್ತು ಲ್ಯಾಪ್‌ಟಾಪಿಗೆ 10. ಒಟ್ಟು 75. ಬ್ಯಾಟರಿ 110 ಆಂಪಿಯರ್-ಗಂಟೆಯವು ಎರಡು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಕೈಗೆ ಸಿಗುವುದು 110 ಮಾತ್ರ. ಅಂದರೆ ಒಂದೂವರೆ ದಿನ.

ಇನ್ನು ಗಾಳಿ ಕೊಡುವುದೆಷ್ಟು? ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ಈ ವಿದ್ಯೆಯ ಬೇರು ಇದೇ. ನನ್ನ ಚಕ್ರದ ಅಡ್ಡಳತೆ 91 ಸೆಂಟಿಮೀಟರ್, ಅದು ಗುಡಿಸುವ ವೃತ್ತ ಸುಮಾರು 0.65 ಚದರ ಮೀಟರ್. ಯಾವ ಚಕ್ರವೂ ಗಾಳಿಯ ಶಕ್ತಿಯ 59.3 ಪ್ರತಿಶತಕ್ಕಿಂತ ಹೆಚ್ಚು ಹಿಂಡಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ನೂರು ವರ್ಷಗಳ ಹಿಂದೆಯೇ ತೋರಿಸಿದ್ದಾರೆ. ನಮ್ಮಂಥ ಪುಟ್ಟ ಯಂತ್ರಗಳು ಅದರ ಅರ್ಧ ಹಿಂಡಿದರೆ ಪುಣ್ಯ. ಆ ಲೆಕ್ಕದಲ್ಲಿ 10 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿಗೆ ಸಿಗುವುದು ಸುಮಾರು 16 ವ್ಯಾಟ್. 15 ನಾಟ್‌ಗೆ ಸುಮಾರು 55. 20 ನಾಟ್‌ಗೆ 130. ಐದು ನಾಟ್‌ಗೆ ಚಕ್ರ ಸುಮ್ಮನೆ ಶೋಕಿಗೆ ತಿರುಗುತ್ತದೆ, ಅಷ್ಟೆ.

ಆಂಪಿಯರ್-ಗಂಟೆಗೆ ತಂದರೆ, 15 ನಾಟ್ ಗಾಳಿ ಹಗಲೂ ರಾತ್ರಿ ಬೀಸಿದರೆ ದಿನಕ್ಕೆ ಸುಮಾರು 100 ಬರುತ್ತದೆ, ನಮ್ಮ ಮನೆ ನಡೆದು ಮೇಲೆ ಉಳಿಯುತ್ತದೆ. ಹತ್ತು ನಾಟ್ ಬೀಸಿದರೆ 30, ಅರ್ಧ ಖರ್ಚೂ ತೂಗುವುದಿಲ್ಲ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ 300 ವ್ಯಾಟ್, 400 ವ್ಯಾಟ್ ಎಂಬ ಅಂಕಿಗಳು ಸಾಮಾನ್ಯವಾಗಿ 25 ನಾಟ್‌ಗಿಂತ ಮೇಲಿನ ಗಾಳಿಯವು. ಅಂಥ ಗಾಳಿಯಲ್ಲಿ ನೀವು ಬ್ಯಾಟರಿಯ ಚಿಂತೆ ಮಾಡುವುದಿಲ್ಲ, ಲಂಗರಿನ ಚಿಂತೆ ಮಾಡುತ್ತೀರಿ. ಆದ್ದರಿಂದ ಮಾರುವವನಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಹತ್ತು ಮತ್ತು ಹದಿನೈದು ನಾಟ್‌ಗೆ ಎಷ್ಟು ಆಂಪಿಯರ್ ಕೊಡುತ್ತದೆ?

ಹಾಗಿದ್ದರೆ ಸೌರಫಲಕವೇ ಸಾಕಲ್ಲವೇ ಎಂದು ಕೇಳುವವರಿಗೆ: ಬೇಸಿಗೆಗೆ ಸಾಕು. ಓಬನ್ ಇರುವುದು ಉತ್ತರ ಅಕ್ಷಾಂಶ 56 ಡಿಗ್ರಿಯ ಮೇಲೆ. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಹಗಲು ಸುಮಾರು ಏಳು ಗಂಟೆ ಮಾತ್ರ, ಅದರಲ್ಲೂ ಸೂರ್ಯ ದಿಗಂತದ ಗೋಡೆಗೆ ಆತುಕೊಂಡು ನಡೆಯುತ್ತಾನೆ. ಗಾಳಿ ಮಾತ್ರ ಚಳಿಗಾಲದಲ್ಲಿ ಎರಡರಷ್ಟು ಹುರುಪಿನಲ್ಲಿರುತ್ತದೆ. ನನ್ನ ದೋಣಿಯ ಮೇಲೆ ಎರಡೂ ಇವೆ. ಒಂದಕ್ಕೇ ಹಣವಿದ್ದರೆ, ಬೇಸಿಗೆಯಲ್ಲಷ್ಟೇ ತಿರುಗಾಡುವವರು ಕಣ್ಣುಮುಚ್ಚಿ ಫಲಕ ಕೊಳ್ಳಿ.

ಇನ್ನೊಂದು ವಿಚಿತ್ರವನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಳ್ಳೆಯ ಲಂಗರುತಾಣ ಎಂದರೆ ಗಾಳಿ ಬಾರದ ತಾಣ! ಓಬನ್‌ನಿಂದ ದಕ್ಷಿಣಕ್ಕೆ, ಸೀಲ್ ದ್ವೀಪದ ತುದಿಯಲ್ಲಿ ಪುಲ್ದೋರನ್ ಎಂಬ ಚೆಂದದ ಕೊಲ್ಲಿಯಿದೆ. ಹೊರಗೆ ಕಡಲು ಕುದಿಯುತ್ತಿದ್ದರೂ ಒಳಗೆ ಕೆರೆಯ ನೀರು. ಅಲ್ಲಿ ನನ್ನ ಚಕ್ರ ಸಂಜೆಯಿಡೀ ನಿಂತೇ ಇರುತ್ತದೆ, ಮಿಜ್ ಎಂಬ ಇಲ್ಲಿಯ ನುಸಿಗಳು ಅದರ ಸುತ್ತ ಸಂತೆ ನೆರೆಸುತ್ತವೆ. ಗಾಳಿ ಬೆನ್ನಿಗೆ ಹಾಕಿಕೊಂಡು ಹಾಯಿ ಬಿಚ್ಚಿದಾಗಲೂ ಇದೇ ಕಥೆ: 15 ನಾಟ್ ಗಾಳಿಯಲ್ಲಿ 6 ನಾಟ್ ವೇಗದಲ್ಲಿ ಮುಂದೋಡಿದರೆ ಚಕ್ರಕ್ಕೆ ತಾಗುವುದು 9 ನಾಟ್ ಮಾತ್ರ, ಸಿಗುವ ವಿದ್ಯುತ್ತು ಕಾಲು ಭಾಗಕ್ಕಿಂತ ಕಡಿಮೆ. ಎದುರುಗಾಳಿಗೆ ಹೊರಟರೆ ಅಷ್ಟೇ ಧಾರಾಳ.

ಕಂಬ

ಯಂತ್ರ ಕೊಳ್ಳಲು ನಾನು ಮೂರು ತಿಂಗಳು ಓದಿದೆ, ಕಂಬದ ಬಗ್ಗೆ ಮೂರು ನಿಮಿಷ ಯೋಚಿಸಿದೆ. ಈಗ ಕೇಳಿದರೆ ಅದನ್ನು ತಿರುವುಮುರುವು ಮಾಡಿ ಎನ್ನುತ್ತೇನೆ.

ಜಾಗ ದೋಣಿಯ ಹಿಂಬದಿಯ ಮೂಲೆ. ಎರಡು ಪಟಸ್ತಂಭದ ದೋಣಿಯಾದರೆ ಹಿಂದಿನ ಸ್ತಂಭದ ಮೇಲೂ ಕೂಡಿಸಬಹುದು, ಆದರೆ ರಿಪೇರಿಗೆ ಪ್ರತಿಸಲ ಮರ ಹತ್ತಬೇಕು. ಎತ್ತರಕ್ಕೆ ಒಂದೇ ನಿಯಮ: ಮನೆಯಲ್ಲಿ ಅತ್ಯಂತ ಉದ್ದದವನು ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಮೇಲೆ ನಿಂತು, ಕೈ ಮೇಲೆತ್ತಿ, ಬೆರಳು ಚಾಚಿದರೂ ಅಲಗಿನ ತುದಿ ತಾಗಬಾರದು. ಕೆಳ ತುದಿ ಡೆಕ್ಕಿನಿಂದ ಸುಮಾರು 2.3 ಮೀಟರ್ ಇರುವಂತೆ ನಾನು ಮಾಡಿದ್ದೇನೆ. ಆಸನದ ಮೇಲೆ ನಿಲ್ಲುವ ಅಭ್ಯಾಸ ಯಾರಿಗಾದರೂ ಇದ್ದರೆ ಅದನ್ನೂ ಕೂಡಿಸಿ. ಚಕ್ರ ಸುತ್ತಲೂ ತಿರುಗುವಾಗ ಬಾಲವೂ ಅಲಗೂ ಪಟಸ್ತಂಭವನ್ನು ಹಿಂದಕ್ಕೆಳೆದು ಹಿಡಿದ ಉಕ್ಕಿನ ಹಗ್ಗಕ್ಕೆ ತಾಗದಿರಲಿ. ರಟ್ಟಿನ ತುಂಡನ್ನು ವೃತ್ತಾಕಾರಕ್ಕೆ ಕತ್ತರಿಸಿ ಕೋಲಿಗೆ ಸಿಕ್ಕಿಸಿ ಹಿಡಿದು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಯಂತ್ರದೊಳಗೆ ಬಲವಾದ ಅಯಸ್ಕಾಂತಗಳಿರುವುದರಿಂದ ದಿಕ್ಸೂಚಿಯಿಂದಲೂ ದೂರವಿರಲಿ.

ಕೊಳವೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು, ಹೊರ ಅಡ್ಡಳತೆ ಸುಮಾರು 48 ಮಿಲಿಮೀಟರ್. ಒಳ ಅಳತೆಯನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ನನ್ನದು ಎರಡು ಮಿಲಿಮೀಟರ್ ಸಡಿಲವಾಗಿತ್ತು, ಆ ಸಂದಿನಲ್ಲಿ ಕೂರುವ ನೈಲಾನ್ ತೋಳು ಕಡೆಸಿ ಹಾಕಬೇಕಾಯಿತು. ಅದು ಒಳ್ಳೆಯದೇ ಆಯಿತು. ಯಂತ್ರದ ಮೈ ಅಲ್ಯೂಮಿನಿಯಂ, ಕಂಬ ಸ್ಟೀಲು, ನಡುವೆ ಉಪ್ಪುನೀರು. ಎರಡು ಲೋಹಗಳು ನೇರವಾಗಿ ಮುಟ್ಟಿಕೊಂಡಿದ್ದರೆ ಅಲ್ಯೂಮಿನಿಯಂ ಸವೆದು ಬಿಳಿ ಹಿಟ್ಟಾಗುತ್ತದೆ. ತೋಳು ಇಲ್ಲದಿದ್ದರೆ ಸವೆತ ತಡೆಯುವ ಲೇಪವನ್ನಾದರೂ ಧಾರಾಳವಾಗಿ ಹಚ್ಚಿ, ಬೋಲ್ಟುಗಳಿಗೂ ಹಚ್ಚಿ.

ಕಂಬಕ್ಕೆ ಎರಡು ಊರುಗೋಲುಗಳು ಬೇಕು, ಒಂದಕ್ಕೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿ, ಸಾಧ್ಯವಾದಷ್ಟು ಮೇಲಕ್ಕೆ. 50 ನಾಟ್ ಬಿರುಗಾಳಿಯಲ್ಲಿ ಈ ಪುಟ್ಟ ಚಕ್ರದ ಮೇಲೆ ಬೀಳುವ ನೂಕು ಸುಮಾರು 20ರಿಂದ 25 ಕಿಲೋ ಭಾರದಷ್ಟು. ಅದು ಸುಮಾರು ಎರಡೂಮುಕ್ಕಾಲು ಮೀಟರ್ ಉದ್ದದ ಸನ್ನೆಕೋಲಿನ ತುದಿಯಲ್ಲಿ ನೂಕುತ್ತದೆ, ಜೊತೆಗೆ ದೋಣಿ ಹೊಯ್ದಾಡುವಾಗ ಯಂತ್ರದ ಸ್ವಂತ ತೂಕ. ಹಿಂಬದಿಯ ಸ್ಟೀಲ್ ಕಟಾಂಜನಕ್ಕೆ ಬರೀ ಎರಡು ಕ್ಲಾಂಪು ಬಿಗಿದು ಸುಮ್ಮನಾದರೆ ಕಟಾಂಜನವನ್ನೇ ಕಿತ್ತುಕೊಂಡು ಹೋದೀತು.

ಕಂಬದ ಬುಡ ಕೂರುವ ಕಡೆ ಡೆಕ್ಕಿನೊಳಗೆ ಏನಿದೆ ನೋಡಿ. ಹಳೆಯ ಫೈಬರ್‌ಗ್ಲಾಸ್ ದೋಣಿಗಳ ಡೆಕ್ಕು ಹೋಳಿಗೆಯ ಹಾಗೆ: ಮೇಲೊಂದು ಕೆಳಗೊಂದು ಪದರ, ನಡುವೆ ಬಾಲ್ಸಾ ಮರದ ಹೂರಣ. ರಂಧ್ರ ಕೊರೆದು ಹಾಗೇ ಬೋಲ್ಟು ಹಾಕಿದರೆ ನೀರು ಇಳಿದು ಹೂರಣ ಕೊಳೆಯುತ್ತದೆ. ಬೇಕಾದದ್ದಕ್ಕಿಂತ ದೊಡ್ಡ ರಂಧ್ರ ಕೊರೆದು, ಎಪಾಕ್ಸಿ ಅಂಟು ತುಂಬಿಸಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ರಂಧ್ರ ಕೊರೆಯಬೇಕು. ಕೆಳಗಿನಿಂದ ಅಂಗೈಯಗಲದ ಲೋಹದ ಅಥವಾ ಪ್ಲೈವುಡ್ ತಟ್ಟೆ ಕೊಟ್ಟು ಬಿಗಿಯಬೇಕು. ಎರಡು ದಿನದ ಕೆಲಸ. ಬೇಸರ ಬಂದರೂ ಬಿಡಬೇಡಿ.

ಈಗ ಹಿಂಬದಿಯ ಕೋಣೆಯ ಕಥೆ. ಗಾಳಿ ಹದಿನಾಲ್ಕು ನಾಟ್ ಮುಟ್ಟುತ್ತಲೇ ಕಂಬ ಗುಂಯ್ ಎನ್ನತೊಡಗುತ್ತಿತ್ತು. ತಂಬೂರಿ ಮೀಟಿದಂತೆ ಎಂದು ಮೊದಲ ದಿನ ಹೊಗಳಿದೆ. ಮೂರನೆಯ ದಿನ ಹೆಂಡತಿ ಚೀಲ ಕಟ್ಟಿ ಮುಂದಿನ ಕೋಣೆಗೆ ಹೋದಳು. ಚಕ್ರದ ಅದುರು ಕಂಬಕ್ಕಿಳಿದು, ಕಂಬದಿಂದ ಡೆಕ್ಕಿಗಿಳಿದು, ಇಡೀ ದೋಣಿ ವೀಣೆಯ ಬುರುಡೆಯಾಗಿತ್ತು. ಪರಿಹಾರ ಎರಡು ಹಂತದಲ್ಲಿ ಸಿಕ್ಕಿತು. ಬುಡದ ತಟ್ಟೆಯ ಕೆಳಗೂ ಊರುಗೋಲುಗಳ ಕ್ಲಾಂಪಿನೊಳಗೂ ಬೆರಳುದಪ್ಪದ ಗಟ್ಟಿ ರಬ್ಬರ್ ಹಾಕಿದಾಗ ಅರ್ಧ ಸದ್ದು ಹೋಯಿತು. ಒಂದು ಊರುಗೋಲನ್ನು ನಲವತ್ತು ಸೆಂಟಿಮೀಟರ್ ಮೇಲಕ್ಕೆ ಸರಿಸಿದಾಗ ಉಳಿದದ್ದೂ ಬಹುಪಾಲು ಹೋಯಿತು. ಬೋಲ್ಟಿನ ತಲೆಯ ಕೆಳಗೂ ರಬ್ಬರ್ ವಾಷರ್ ಇರಲಿ. ಲೋಹ ಲೋಹಕ್ಕೆ ತಾಗುವ ಒಂದೇ ಜಾಗ ಉಳಿದರೂ ಸದ್ದು ಅಲ್ಲಿಂದಲೇ ನುಸುಳುತ್ತದೆ.

ಟಿಕ್, ಟಿಕ್ ಎಂಬ ಇನ್ನೊಂದು ಸದ್ದು ಉಳಿದಿತ್ತು. ಅದು ಕಂಬದೊಳಗೆ ತಂತಿ ಬಡಿದುಕೊಳ್ಳುತ್ತಿದ್ದದ್ದು. ಕಂಬ ನಿಲ್ಲಿಸುವ ಮೊದಲೇ ತಂತಿಗೆ ಮನೆಯ ನಲ್ಲಿ ಕೊಳವೆಗೆ ಸುತ್ತುವ ಸ್ಪಂಜಿನ ತೋಳು ತೊಡಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಮಾಡಲು ಒಂದು ಭಾನುವಾರ ಹೋಯಿತು.

ತಂತಿ, ಸ್ವಿಚ್ಚು ಮತ್ತು ಕೋಡಿ

ಹನ್ನೆರಡು ವೋಲ್ಟಿನಲ್ಲಿ ತಂತಿ ಸಣ್ಣದಾದರೆ ಗಾಳಿ ಕೊಟ್ಟದ್ದನ್ನು ತಂತಿಯೇ ತಿಂದುಹಾಕುತ್ತದೆ. ನನ್ನ ಚಕ್ರದಿಂದ ಬ್ಯಾಟರಿಗೆ ಒಂಬತ್ತು ಮೀಟರ್, ಹೋಗಿ ಬರುವ ದಾರಿ ಹದಿನೆಂಟು. ಹತ್ತು ಆಂಪಿಯರ್ ಹರಿಯುವಾಗ 6 ಚದರ ಮಿಲಿಮೀಟರ್ ತಂತಿಯಲ್ಲಿ ಅರ್ಧ ವೋಲ್ಟಿನಷ್ಟು ಸೋರುತ್ತದೆ, 10ರಲ್ಲಿ 0.3, 16ರಲ್ಲಿ 0.2. ನಾನು 16 ಹಾಕಿದೆ. ತವರ ಲೇಪಿಸಿದ ತಾಮ್ರವೇ ಆಗಲಿ, ಬರಿಯ ತಾಮ್ರ ಕಡಲಲ್ಲಿ ಎರಡು ವರ್ಷಕ್ಕೆ ಒಳಗೊಳಗೇ ಕಪ್ಪಾಗುತ್ತದೆ. ಜೋಡಣೆಗಳನ್ನು ಒತ್ತುಯಂತ್ರದಲ್ಲಿ ಒತ್ತಿ, ಒಳಗೆ ಅಂಟಿರುವ ಶಾಖಕ್ಕೆ ಕುಗ್ಗುವ ತೋಳು ಹಾಕಿ. ಬರೀ ಬೆಸುಗೆಯನ್ನು ನಂಬಬೇಡಿ. ಅದುರುವ ಕಡೆ ಬೆಸುಗೆಯ ಪಕ್ಕದಲ್ಲಿಯೇ ತಂತಿ ಮುರಿಯುತ್ತದೆ. ಕಂಬದ ಮೇಲ್ತುದಿಯಲ್ಲಿ ತಂತಿಯ ಭಾರ ಯಂತ್ರದ ಪುಟ್ಟ ತಂತಿಗಳ ಮೇಲೆ ಜೋತುಬೀಳದಂತೆ ಒಂದು ಕಟ್ಟು ಇರಲಿ. ಡೆಕ್ಕಿನೊಳಗೆ ಇಳಿಯುವ ಮುನ್ನ ತಂತಿಗೆ ಕೆಳಮುಖದ ಒಂದು ಕುಣಿಕೆ ಕೊಟ್ಟರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ.

ಇನ್ನು ಇಡೀ ಕೆಲಸದಲ್ಲಿ ತಪ್ಪಲೇಬಾರದ ಸಂಗತಿ. ಸೌರಫಲಕದ ತಂತಿಯನ್ನು ಕಿತ್ತರೆ ಅದು ಸುಮ್ಮನೆ ಬಿಸಿಲು ಕಾಯಿಸುತ್ತ ಕೂರುತ್ತದೆ. ಗಾಳಿಚಕ್ರ ಹಾಗಲ್ಲ. ತಿರುಗುತ್ತಿರುವ ಚಕ್ರವನ್ನು ಬ್ಯಾಟರಿಯಿಂದ ಬೇರ್ಪಡಿಸಿದರೆ ಅದಕ್ಕೆ ಹೊರೆಯೇ ಇಲ್ಲದಂತಾಗಿ ಹುಚ್ಚೆದ್ದು ತಿರುಗುತ್ತದೆ, ವೋಲ್ಟೇಜು ಹನ್ನೆರಡರಿಂದ ಎಲ್ಲಿಗೋ ಏರುತ್ತದೆ, ಎದುರು ಸಿಕ್ಕ ಎಲೆಕ್ಟ್ರಾನಿಕ್ಸನ್ನು ಸುಡುತ್ತದೆ. ನಮ್ಮ ಕಡೆಯ ಕೆರೆಯನ್ನು ನೆನೆಸಿಕೊಳ್ಳಿ. ಹಳ್ಳದ ನೀರು ಬರುತ್ತಲೇ ಇರುತ್ತದೆ, ಅದಕ್ಕೆ ‘ಸಾಕು’ ಎಂದು ಹೇಳಲಾಗುವುದಿಲ್ಲ. ಕೆರೆ ತುಂಬಿದ ಮೇಲೆ ಕೋಡಿ ಹರಿಯಲೇಬೇಕು, ಇಲ್ಲದಿದ್ದರೆ ಏರಿ ಒಡೆಯುತ್ತದೆ. ಬ್ಯಾಟರಿ ಕೆರೆ; ಡಂಪ್ ಲೋಡ್ ಎಂಬ ದಪ್ಪ ರೆಸಿಸ್ಟರ್ ಕೋಡಿ. ಬ್ಯಾಟರಿ 14.4 ವೋಲ್ಟ್ ಮುಟ್ಟುತ್ತಿದ್ದಂತೆ ಕಂಟ್ರೋಲರು ಮಿಕ್ಕ ವಿದ್ಯುತ್ತನ್ನು ಅತ್ತ ತಿರುಗಿಸುತ್ತದೆ, ಅದು ಶಾಖವಾಗಿ ಹೋಗುತ್ತದೆ. ಕೆಲವು ಕಂಟ್ರೋಲರುಗಳು ಕೋಡಿಯ ಬದಲು ಚಕ್ರವನ್ನೇ ನಿಧಾನಗೊಳಿಸುತ್ತವೆ. ಯಾವುದೇ ಆಗಲಿ, ಗಾಳಿಚಕ್ರಕ್ಕೆಂದೇ ಮಾಡಿದ್ದಾಗಿರಬೇಕು. ಮನೆಯಲ್ಲಿ ಬಿದ್ದಿರುವ ಸೌರಫಲಕದ ಕಂಟ್ರೋಲರನ್ನು ಹಾಕಬೇಡಿ: ಬ್ಯಾಟರಿ ತುಂಬಿದಾಗ ಅದು ಬಾಗಿಲು ಮುಚ್ಚಿಬಿಡುತ್ತದೆ, ಫಲಕಕ್ಕೆ ಸರಿಹೋಗುವ ಆ ನಡತೆ ಚಕ್ರಕ್ಕೆ ಮೃತ್ಯು.

ನಾನು ಸುಟ್ಟದ್ದು ಹೀಗಲ್ಲ, ಇದಕ್ಕಿಂತ ದಡ್ಡತನದಿಂದ. ಕಂಟ್ರೋಲರಿನ ತಂತಿಯನ್ನು ದೋಣಿಯ ಮುಖ್ಯ ಬ್ಯಾಟರಿ ಸ್ವಿಚ್ಚಿನ ಆಚೆಗೆ ಸೇರಿಸಿದ್ದೆ. ಒಂದು ಭಾನುವಾರ ಸಂಜೆ ಮನೆಗೆ ಹೊರಡುವಾಗ, ಒಳ್ಳೆಯ ನಾವಿಕನಂತೆ ಮುಖ್ಯ ಸ್ವಿಚ್ಚು ಆರಿಸಿ, ಬೀಗ ಹಾಕಿ, ದಡಕ್ಕೆ ಹೋದೆ. ರಾತ್ರಿ ಗಾಳಿ ಎದ್ದಿತು. ಮುಂದಿನ ಶನಿವಾರ ಬಾಗಿಲು ತೆರೆದರೆ ಸುಟ್ಟ ಬೇಕಲೈಟಿನ ವಾಸನೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನ ಕೆಲಸ ಇದು ಎಂದು ಇವತ್ತಿಗೂ ಊರಿಗೆ ಹೇಳಿಲ್ಲ.

ಆದ್ದರಿಂದ ಕಂಟ್ರೋಲರಿನಿಂದ ತಂತಿ ನೇರವಾಗಿ ಬ್ಯಾಟರಿಗೇ ಹೋಗಲಿ, ನಡುವೆ ಫ್ಯೂಸು ಮಾತ್ರ, ಅದೂ ಬ್ಯಾಟರಿಯ ಗೇಣಳತೆಯೊಳಗೆ. ಫ್ಯೂಸು ತೀರ ಚಿಕ್ಕದಿರಬಾರದು. ಅದು ಹಾರಿದರೂ ಚಕ್ರಕ್ಕೆ ಹೊರೆ ತಪ್ಪುತ್ತದೆ ಎಂಬುದು ನೆನಪಿರಲಿ. ಕೈಪಿಡಿ ಹೇಳಿದ ಅಳತೆಯದನ್ನೇ, ನಿಧಾನವಾಗಿ ಹಾರುವ ಬಗೆಯದನ್ನೇ ಹಾಕಿ. ಲಿಥಿಯಂ ಬ್ಯಾಟರಿ ಇರುವವರಿಗೆ ಇದೇ ಅಪಾಯ ಇನ್ನೊಂದು ವೇಷದಲ್ಲಿ ಬರುತ್ತದೆ. ಆ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟು ಯಾವಾಗ ಬೇಕಾದರೂ ಹೇಳದೆ ಕೇಳದೆ ಕೈಬಿಡಬಹುದು. ಬ್ಯಾಟರಿ ಕೈಬಿಟ್ಟರೂ ಕೆಲಸ ಮಾಡುವ ಡಂಪ್ ಲೋಡ್ ಇಲ್ಲದೆ ಚಕ್ರವನ್ನು ಅದಕ್ಕೆ ಜೋಡಿಸಬೇಡಿ.

ನಿಲ್ಲಿಸುವ ಸ್ವಿಚ್ಚು ಇನ್ನೊಂದು ಜಾಣ್ಮೆಯ ವಸ್ತು. ಚಕ್ರದ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ, ಅದರೊಳಗಿನ ವಿದ್ಯುತ್ತೇ ಅದಕ್ಕೆ ಬ್ರೇಕು ಹಾಕುತ್ತದೆ. ಆದರೆ ಮುಟ್ಟಿಸುವ ಮುನ್ನ ಬ್ಯಾಟರಿ ಬೇರೆಯಾಗಿರಲೇಬೇಕು, ಇಲ್ಲದಿದ್ದರೆ ನೀವು ಬ್ಯಾಟರಿಯನ್ನೇ ಶಾರ್ಟ್ ಮಾಡಿದಂತೆ. ಒಂದೇ ತಿರುಗಣೆಯಲ್ಲಿ ಚಕ್ರವನ್ನು ಬ್ಯಾಟರಿಯಿಂದ ಶಾರ್ಟಿಗೆ ದಾಟಿಸುವ, ನೂರು ರೂಪಾಯಿಯದಲ್ಲದ ಒಳ್ಳೆಯ ಸ್ವಿಚ್ಚು ಕೊಳ್ಳಿ. ಅದನ್ನು ಚುಕ್ಕಾಣಿಯ ಹತ್ತಿರ ಕೈಗೆಟಕುವಂತೆ ಇಡಿ. ಗಾಳಿ ಜೋರಾದ ಮೇಲೆ ಬ್ರೇಕು ಹಾಕಿದರೆ ಹಲವು ಯಂತ್ರಗಳು ನಿಲ್ಲುವುದಿಲ್ಲ, ಒಳಗಿನ ತಂತಿಯ ಸುರುಳಿ ಬಿಸಿಯೇರುತ್ತದೆ. ಬಿಬಿಸಿ ರೇಡಿಯೊದ ಕಡಲ ಹವಾಮಾನದಲ್ಲಿ ‘ಮಾಲಿನ್’ ಎಂಬ ನಮ್ಮ ವಲಯಕ್ಕೆ 8ನೆಯ ಬಲ, ಅಂದರೆ ಬಿರುಗಾಳಿ, ಎಂದು ಕೇಳಿದ ಕೂಡಲೇ, ಹೊರಗೆ ಇನ್ನೂ ಎಲೆ ಅಲುಗದಿದ್ದರೂ, ನಾನು ಬ್ರೇಕು ಹಾಕಿ ಅಲಗಿಗೆ ಹಗ್ಗ ಕಟ್ಟುತ್ತೇನೆ.

ಡಂಪ್ ಲೋಡ್ ಕೈ ಸುಡುವಷ್ಟು ಕಾಯುತ್ತದೆ. ಹಗ್ಗ, ಹಾಯಿ, ಪೇಂಟು ಇಡುವ ಗೂಡಿನಲ್ಲಿ ಬೇಡ. ಅಡುಗೆ ಅನಿಲದ ಗೂಡಿನಲ್ಲಂತೂ ಬೇಡವೇ ಬೇಡ. ಗಾಳಿಯಾಡುವ ಕಡೆ, ಲೋಹದ ತಟ್ಟೆಯ ಮೇಲೆ, ಸುತ್ತ ಒಂದು ಗೇಣು ಖಾಲಿ ಬಿಟ್ಟು ಕೂಡಿಸಿ.

ಏರಿಸುವ ಮುಹೂರ್ತ

ಯಂತ್ರವನ್ನು ಮೇಲೆ ಏರಿಸುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಲಗುಗಳಿಲ್ಲದೆ ಅಕ್ಷವನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ತಂತಿಗಳನ್ನು ಮುಟ್ಟಿಸಿ ತಿರುಗಿಸಿದರೆ ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದಂತೆ ಬಿಗಿಯಾಗಬೇಕು. ಎರಡೂ ಆದರೆ ಯಂತ್ರ ಸರಿಯಿದೆ. ಕೊನೆಯ ಜೋಡಣೆಯವರೆಗೂ ಆ ತಂತಿಗಳನ್ನು ಮುಟ್ಟಿಸಿಯೇ ಇಟ್ಟಿರಿ.

ತುಂಬುಗಾಳಿಯ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ತಂಗಾಳಿಯ ದಿನವೂ ಅಲಗುಗಳನ್ನು ಕಟ್ಟಿಯೇ ಇಡಿ. ನನ್ನ ಹೆಬ್ಬೆರಳಿನ ನಾಲ್ಕು ಹೊಲಿಗೆ ಆರು ನಾಟ್ ಗಾಳಿಯ ಕೊಡುಗೆ. ಅಲಗಿನ ಅಂಚು ಕುಡುಗೋಲಿನಷ್ಟು ತೆಳ್ಳಗಿರುತ್ತದೆ.

ಹತ್ತು ಹದಿನೈದು ಕಿಲೋ ತೂಕವನ್ನು ಓಲಾಡುವ ದೋಣಿಯಲ್ಲಿ ಏಣಿಯ ಮೇಲೆ ನಿಂತು ತಲೆಯ ಮೇಲೆ ಎತ್ತುವುದು ಮೂರ್ಖತನ. ಓಬನ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ಮೂರು ಮೀಟರಿಗಿಂತ ಹೆಚ್ಚು ಅಂತರವಿರುತ್ತದೆ. ನಾನು ಅದನ್ನೇ ಬಳಸಿಕೊಂಡೆ. ದೋಣಿಯನ್ನು ಕಲ್ಲುಕಟ್ಟೆಗೆ ಕಟ್ಟಿ ಇಳಿತಕ್ಕೆ ಕಾದೆ. ನೀರು ಇಳಿದಂತೆ ದೋಣಿಯೂ ಇಳಿಯಿತು, ಕಂಬದ ತುದಿ ಕಟ್ಟೆಯ ಮೇಲೆ ನಿಂತ ನನ್ನ ಸೊಂಟದ ಮಟ್ಟಕ್ಕೆ ಬಂತು. ಯಂತ್ರವನ್ನು ಕಟ್ಟೆಯ ಮೇಲಿಂದಲೇ ತಂದು, ತಂತಿ ಸೇರಿಸಿ, ಕಂಬದ ಮೇಲೆ ಕೂರಿಸಿದೆ. ಆದರೆ ನಡು ಇಳಿತದಲ್ಲಿ ನೀರು ಗಂಟೆಗೆ ಮುಕ್ಕಾಲು ಮೀಟರಿಗೂ ಮಿಕ್ಕಿ ಇಳಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ಒಂದು ಗೇಣಿಗಿಂತ ಹೆಚ್ಚು. ನನ್ನ ಮದುವೆಯ ಮುಹೂರ್ತವನ್ನು ಪುರೋಹಿತರು ಒಂದು ಗಂಟೆ ಎಳೆದಿದ್ದರು, ಈ ಮುಹೂರ್ತವನ್ನು ಎಳೆಯಲಾಗುವುದಿಲ್ಲ. ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿಟ್ಟುಕೊಳ್ಳಿ, ದೋಣಿಯ ಹಗ್ಗ ಸಡಿಲಿಸಲು ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳಿ.

ಜೋಡಿಸುವ ಕ್ರಮ: ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ, ಆಮೇಲೆ ಡಂಪ್ ಲೋಡ್, ಎಲ್ಲ ಮುಗಿದ ಮೇಲೆ ಚಕ್ರ. ಬಿಚ್ಚುವಾಗ ಇದರ ವಿರುದ್ಧ. ಪ್ಲಸ್ಸು ಮೈನಸ್ಸುಗಳನ್ನು ಮಲ್ಟಿಮೀಟರಿನಲ್ಲಿ ಎರಡು ಸಲ ನೋಡಿ. ಮೂರು ತಂತಿಯ ಯಂತ್ರವಾದರೆ ಯಾವ ಎರಡನ್ನು ಅಳೆದರೂ ವೋಲ್ಟೇಜು ಒಂದೇ ಬರಬೇಕು. ನಟ್ಟುಗಳಿಗೆ ಸಡಿಲವಾಗದ ನೈಲಾನ್ ಬಗೆಯವನ್ನು ಹಾಕಿ, ಹತ್ತು ಗಂಟೆ ತಿರುಗಿದ ಮೇಲೆ ಮತ್ತೆ ಎಲ್ಲವನ್ನೂ ಬಿಗಿಯಿರಿ. ಒಂದು ಅಲಗಿನ ತುದಿ ಕೊರಕಲಾದರೆ ಅದೊಂದನ್ನೇ ಬದಲಿಸಬೇಡಿ, ಇಡೀ ಜೊತೆಯನ್ನು ಬದಲಿಸಿ. ತೂಕ ತಪ್ಪಿದರೆ ತಂಬೂರಿ ಮರಳುತ್ತದೆ.

ಮೋಟರ್‌ಹೋಮ್ ಇರುವವರಿಗೆ

ಮೈಸೂರಿನ ಕಡೆಯ ಗೆಳೆಯರೊಬ್ಬರು ಇಲ್ಲಿ ಮೋಟರ್‌ಹೋಮ್ ಎಂಬ, ಒಳಗೇ ಮಲಗಿ ಬಾಳಬಹುದಾದ ಗಾಡಿ ಇಟ್ಟುಕೊಂಡು ಹೈಲ್ಯಾಂಡ್ಸ್ ಎಂಬ ಸ್ಕಾಟ್ಲೆಂಡಿನ ಬೆಟ್ಟನಾಡು ಸುತ್ತುತ್ತಾರೆ. ನನ್ನ ಚಕ್ರ ನೋಡಿ ಅವರಿಗೂ ಆಸೆಯಾಯಿತು. ಮೇಲಿನ ತಂತಿ, ಫ್ಯೂಸು, ಕೋಡಿಯ ಮಾತೆಲ್ಲ ಅವರಿಗೂ ಹಾಗೇ ಅನ್ವಯಿಸುತ್ತದೆ. ಕಂಬ ಮಾತ್ರ ಬೇರೆ. ಚಾವಣಿಗೆ ಶಾಶ್ವತವಾಗಿ ಕೂಡಿಸಿದರೆ ಅದುರು ನೇರ ಮಂಚಕ್ಕೆ ಬರುತ್ತದೆ, ಸೇತುವೆಯ ಕೆಳಗೆ ಹೋಗುವಾಗ ಎತ್ತರ ಮರೆತರೆ ಕಥೆ ಮುಗಿಯಿತು. ಬೇಕೇಬೇಕೆಂದರೆ ಕಳಚುವ ಕಂಬ, ಅದರ ಬುಡವನ್ನು ಗಾಡಿಯ ಚಕ್ರದ ಕೆಳಗೆ ಸಿಕ್ಕಿಸಿದ ತಟ್ಟೆಗೆ ಬಿಗಿದು, ಮೂರು ದಿಕ್ಕಿಗೆ ಹಗ್ಗ ಎಳೆದು ಕಟ್ಟಬೇಕು; ಹೊರಡುವ ಮುನ್ನ ಪ್ರತಿಸಲ ಬಿಚ್ಚಬೇಕು. ಗಾಡಿಯವರು ರಾತ್ರಿ ತಂಗುವುದೂ ಮರದ ಮರೆಯಲ್ಲಿ, ಗುಡ್ಡದ ಒತ್ತಿನಲ್ಲಿ. ಅಲ್ಲಿ ಗಾಳಿ ಬಂದರೂ ಸುಳಿಸುಳಿಯಾಗಿ ಬರುತ್ತದೆ, ಚಕ್ರ ದಿಕ್ಕು ಹುಡುಕುವುದರಲ್ಲೇ ಹೊತ್ತು ಕಳೆಯುತ್ತದೆ. ಚಾವಣಿ ತುಂಬ ಸೌರಫಲಕ ಹಾಸಿಕೊಳ್ಳಿ ಎಂದೆ. ಗೆಳೆಯರಿಗೆ ಬೇಸರವಾಯಿತು, ಆದರೆ ಫಲಕವನ್ನೇ ಹಾಕಿಸಿಕೊಂಡರು.

ನೆರೆಹೊರೆಯ ಮಾತನ್ನೂ ಹೇಳಬೇಕು. ದೋಣಿಗಳನ್ನು ಸಾಲಾಗಿ ಕಟ್ಟುವ ಮರೀನಾದಲ್ಲಿ ಪಕ್ಕದ ದೋಣಿಯವರು ಮಲಗಿರುವಾಗ ನಿಮ್ಮ ಚಕ್ರ ಕೂಗುತ್ತಿದ್ದರೆ, ಬೆಳಿಗ್ಗೆ ಯಾರೂ ನಮಸ್ಕಾರ ಹೇಳುವುದಿಲ್ಲ. ದಡದ ಕರೆಂಟು ಸಿಗುವ ಕಡೆ ಅದನ್ನು ನಿಲ್ಲಿಸಿಡಿ. ಕೊಳ್ಳುವ ಮುನ್ನ ಅಂಥದೇ ಯಂತ್ರ ಇರುವ ದೋಣಿಯ ಪಕ್ಕ ಒಂದು ಗಾಳಿಯ ರಾತ್ರಿ ಲಂಗರು ಹಾಕಿ ಮಲಗಿ ನೋಡಿ. ಸಿಳ್ಳೆ ಹೊಡೆಯುವ ಅಲಗುಗಳಿವೆ, ಉಸಿರಾಡುವಂಥ ಅಲಗುಗಳೂ ಇವೆ. ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ಅಕ್ಟೋಬರ್ ಕೊನೆಗೆ ದೋಣಿ ದಡ ಸೇರಿದಾಗ ಅಲಗುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯುತ್ತೇನೆ. ಅಂಚಿನ ಕೊರಕಲನ್ನು ಬೆರಳಿನಿಂದ ಸವರಿ ನೋಡುತ್ತೇನೆ, ಬೇರಿಂಗು ಕರಕರ ಎನ್ನುತ್ತದೆಯೇ ಎಂದು ಅಕ್ಷವನ್ನು ಕಿವಿಗೆ ಹಿಡಿಯುತ್ತೇನೆ, ಕಂಬದ ಬುಡದ ಬೋಲ್ಟುಗಳ ಸುತ್ತ ತುಕ್ಕಿನ ಕಲೆ ಹುಡುಕುತ್ತೇನೆ. ಆಮೇಲೆ ಅಲಗುಗಳನ್ನು ಒಂದು ಹಳೆಯ ಕೌದಿಯಲ್ಲಿ ಸುತ್ತಿ ಗ್ಲಾಸ್ಗೊದ ಮನೆಯಲ್ಲಿ ಮಂಚದ ಕೆಳಗೆ ಇಡುತ್ತೇನೆ. ಆ ಕೌದಿಯನ್ನು ಅಮ್ಮ ಊರಿನಿಂದ ಕಳಿಸಿದ್ದು ಚಳಿಗೆ ಹೊದೆಯಲೆಂದು.